ಬೇಯಿಸದ ಇಟ್ಟಿಗೆಯ ಕಥೆ

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, 1979ರ ಮಳೆಗಾಲದ ಒಂದು ರಾತ್ರಿ, ನಮ್ಮ ಮನೆಯ ಕೊಟ್ಟಿಗೆಯ ಗೋಡೆ ಬಿತ್ತು. ಕುಣಿಗಲ್ ಸೀಮೆಯ ಒಂದು ಸಣ್ಣ ಹಳ್ಳಿ ನಮ್ಮದು. ಗೋಡೆ ಮುತ್ತಾತನ ಕಾಲದ್ದು, ಒಂದೂವರೆ ಅಡಿ ದಪ್ಪ, ಪೂರ್ತಿ ಮಣ್ಣಿನದು. ಮೂರು ದಿನ ಬಿಡದೆ ಸುರಿದ ಮಳೆಯಲ್ಲಿ ಹಿತ್ತಲಿನ ನೀರು ಹೊರಗೆ ಹರಿಯದೆ ಗೋಡೆಯ ಬುಡದಲ್ಲಿ ನಿಂತಿತ್ತು. ದನಗಳಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಹೋಗಿ ನೋಡಿದಾಗ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಗೋಡೆಯ ಮೇಲ್ಭಾಗ ದೊಡ್ಡ ದೊಡ್ಡ ಹೆಂಟೆಗಳಾಗಿ, ಗಟ್ಟಿಯಾಗಿಯೇ ಬಿದ್ದಿತ್ತು. ಕರಗಿ ಕೆಸರಾಗಿದ್ದದ್ದು ಬುಡದ ಒಂದು ಮೊಳ ಮಾತ್ರ. ಅಪ್ಪ ಅದನ್ನೆಲ್ಲ ನೋಡುತ್ತ ನಿಲ್ಲಲಿಲ್ಲ. "ಇನ್ನು ಈ ಮನೇಲಿ ಮಣ್ಣಿನ ಗೋಡೆ ಕಟ್ಟೋದಿಲ್ಲ" ಎಂದರು. ಕೆಲವು ವರ್ಷಗಳಲ್ಲಿ ಸಾಲ ಮಾಡಿ ಸುಟ್ಟ ಇಟ್ಟಿಗೆಯ ಮನೆಯನ್ನೇ ಕಟ್ಟಿಸಿದರು.

ಮುಂದೆ ಭೌತವಿಜ್ಞಾನ ಓದಿದ ಮೇಲೆ ಆ ಗೋಡೆಯ ಲೆಕ್ಕವನ್ನು ಹಲವು ಬಾರಿ ಮಾಡಿದ್ದೇನೆ, ವಿದ್ಯಾರ್ಥಿಗಳಿಂದಲೂ ಮಾಡಿಸಿದ್ದೇನೆ. ಒಣಮಣ್ಣಿನ ಗೋಡೆಯ ಸಾಂದ್ರತೆ ಘನಮೀಟರಿಗೆ ಸುಮಾರು 1800 ಕಿಲೋಗ್ರಾಂ ಎನ್ನೋಣ. 3 ಮೀಟರ್ ಎತ್ತರದ ಗೋಡೆಯ ಬುಡದಲ್ಲಿ ಅದರ ಸ್ವಂತ ತೂಕದಿಂದ ಉಂಟಾಗುವ ಒತ್ತಡ 53,000 ಪ್ಯಾಸ್ಕಲ್. ಚಾವಣಿಯ ಭಾರವನ್ನೂ ಸೇರಿಸಿದರೆ ಅದು 1 ಲಕ್ಷ ಪ್ಯಾಸ್ಕಲ್, ಅಂದರೆ 0.1 ಮೆಗಾಪ್ಯಾಸ್ಕಲ್ ಆಸುಪಾಸಿಗೆ ಬರುತ್ತದೆ. ಚೆನ್ನಾಗಿ ಒಣಗಿದ ಹಸಿ ಇಟ್ಟಿಗೆ ತಡೆಯಬಲ್ಲ ಒತ್ತಡ 1ರಿಂದ 2 ಮೆಗಾಪ್ಯಾಸ್ಕಲ್. ಹತ್ತು ಪಟ್ಟಿಗೂ ಹೆಚ್ಚು! ಭಾರ ಹೊರುವ ಶಕ್ತಿಯಲ್ಲಿ ಮಣ್ಣಿಗೆ ಕೊರತೆಯೇನೂ ಇರಲಿಲ್ಲ. ಗೋಡೆಯನ್ನು ಕೆಡವಿದ್ದು ನೀರು.

ಜೇಡಿಮಣ್ಣಿನ ಕಣಗಳು ಹಾಳೆಗಳಂತೆ ತೆಳುವಾದ ಪದರಗಳು. ಮಣ್ಣು ಒಣಗುತ್ತ ಬಂದಂತೆ ಈ ಹಾಳೆಗಳು ಒಂದನ್ನೊಂದು ಸಮೀಪಿಸಿ ಪರಸ್ಪರ ಆಕರ್ಷಣೆಯಿಂದ ಬಿಗಿಯಾಗುತ್ತವೆ, ಮರಳಿನ ಕಣಗಳನ್ನೂ ಹಿಡಿದಿಡುತ್ತವೆ. ನೀರು ನುಗ್ಗಿದರೆ ಹಾಳೆಗಳ ನಡುವೆ ಸೇರಿಕೊಂಡು ಅವುಗಳನ್ನು ಬೇರ್ಪಡಿಸುತ್ತದೆ. ಒಣಗಿದಾಗ ಗೋಡೆಯನ್ನು ಗಟ್ಟಿಮಾಡಿದ ವಸ್ತುವೇ ನೆನೆದಾಗ ಅದನ್ನು ಕರಗಿಸುತ್ತದೆ. ಇಟ್ಟಿಗೆಯನ್ನು 900ರಿಂದ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟರೆ ಜೇಡಿಯ ಖನಿಜರಚನೆಯೇ ಬದಲಾಗಿ, ಅದು ಮತ್ತೆ ಮಣ್ಣಾಗದು. ಆದರೆ ಅದಕ್ಕೆ ಬೆಂಕಿ ಬೇಕು, ಬೆಂಕಿಗೆ ಸೌದೆ ಬೇಕು. ಸುಡದೆಯೇ ನೀರಿಗೆ ಅಂಜದ ಇಟ್ಟಿಗೆ ಸಾಧ್ಯವೆ? ಈ ಪ್ರಶ್ನೆಯ ಹಿಂದೆ ಇನ್ನೂರು ವರ್ಷಗಳಿಗೂ ಹೆಚ್ಚಿನ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಊರಿನ ಪಕ್ಕದಲ್ಲೇ. ಕೊಟ್ಟಿಗೆಯ ಗೋಡೆ ಬಿದ್ದಾಗ ನಮಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಮಳೆ ನೋಡಿ ಮನೆ

ಹಿಂದಿನವರಿಗೆ ನೀರಿನ ವಿಷಯ ತಿಳಿದಿರಲಿಲ್ಲವೆಂದಲ್ಲ. ಹರಪ್ಪ ಸಂಸ್ಕೃತಿಯ ನಗರಗಳಲ್ಲಿ ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ ಎರಡೂ ಸಿಕ್ಕಿವೆ. ಸ್ನಾನದ ಕಟ್ಟೆ, ಚರಂಡಿಗಳಂಥ ಒದ್ದೆಯಾಗುವ ಜಾಗಗಳಿಗೆ ಸುಟ್ಟ ಇಟ್ಟಿಗೆಯನ್ನು ಬಳಸುತ್ತಿದ್ದರು. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ 996ರಲ್ಲಿ ಸ್ಥಾಪಿತವಾದ ತಾಬೊ ಬೌದ್ಧ ವಿಹಾರದ ಮಣ್ಣಿನ ಗೋಡೆಗಳು ಇಂದಿಗೂ ನಿಂತಿವೆ. ಕಾರಣ ಸರಳ: ಅಲ್ಲಿ ಮಳೆ ಅತಿ ಕಡಿಮೆ.

ನಮ್ಮ ನಾಡಿನಲ್ಲೇ ನೋಡಿ. ಮಳೆ ಕಡಿಮೆಯಿರುವ ಬಯಲುಸೀಮೆಯ ಉತ್ತರ ಭಾಗದಲ್ಲಿ ದಪ್ಪ ಗೋಡೆಯ ಮೇಲೆ ಮರದ ತೊಲೆ, ಜಂತೆ ಹಾಸಿ, ಅದರ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದೆಯ ಮನೆ. ಮಲೆನಾಡು, ಕರಾವಳಿಯಲ್ಲಿ ಕಡಿದಾದ ಇಳಿಜಾರಿನ ಮಾಡು, ಮುಂದೆ ಚಾಚಿದ ಸೂರು, ಗೋಡೆಗೆ ಮುರಕಲ್ಲು ಅಥವಾ ಸೂರಿನ ಆಸರೆಯಲ್ಲಿ ಒದ್ದೆಯಾಗದಂತೆ ಉಳಿದ ಮಣ್ಣು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚು ಒಳನಾಡಿಗೂ ಹರಡಿತು. ಅದು ಚಾವಣಿಗಷ್ಟೇ ಬಂದ ವಸ್ತುವಾದರೂ ಎಷ್ಟೋ ಮಣ್ಣಿನ ಗೋಡೆಗಳ ಆಯುಷ್ಯವನ್ನೂ ಹೆಚ್ಚಿಸಿತು ಎಂಬುದು ನನ್ನ ಅನಿಸಿಕೆ. ಕಲ್ಲಿನ ಪಾಯವನ್ನು ನೆಲದಿಂದ ಎರಡಡಿ ಎತ್ತರಿಸುವುದು, ಸೂರನ್ನು ಮುಂದೆ ಚಾಚುವುದು, ವರ್ಷಕ್ಕೊಮ್ಮೆ ಗೋಡೆಗೆ ಮಣ್ಣು ಮೆತ್ತಿ ಸಾರಿಸುವುದು, ಇವಿಷ್ಟು ನಡೆದರೆ ಮಣ್ಣಿನ ಗೋಡೆ ಮೂರು ತಲೆಮಾರು ಬಾಳುತ್ತಿತ್ತು. ನಮ್ಮ ಕೊಟ್ಟಿಗೆಗೆ ಕಲ್ಲಿನ ಪಾಯ ಇರಲಿಲ್ಲ. ಕೊಟ್ಟಿಗೆ ತಾನೆ, ಸಾಕು ಎಂದುಕೊಂಡಿರಬೇಕು.

ಇಂಥ ಗೋಡೆ ಒಳಗಿನ ಹವೆಯನ್ನು ಹಿತವಾಗಿಡುತ್ತದೆಂಬ ಮಾತು ಬರಿಯ ಹಳೆಯ ಕಾಲದ ಹಂಬಲವೆ? ಅಲ್ಲ, ಲೆಕ್ಕ ಹಾಕಬಹುದು. ಹಗಲು-ರಾತ್ರಿಯ ಉಷ್ಣತೆಯ ಏರಿಳಿತ ಗೋಡೆಯೊಳಗೆ ಒಂದು ಅಲೆಯಂತೆ ಸಾಗುತ್ತದೆ, ಸಾಗುತ್ತ ಕ್ಷೀಣಿಸುತ್ತದೆ. ಒಣಮಣ್ಣಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣಗಳ ಸಾಮಾನ್ಯ ಬೆಲೆಗಳನ್ನು ಹಾಕಿದರೆ, ಪ್ರತಿ 11ರಿಂದ 12 ಸೆಂಟಿಮೀಟರಿಗೆ ಅಲೆಯ ಪಾರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನಷ್ಟಕ್ಕೆ ಇಳಿಯುತ್ತದೆ. 23 ಸೆಂಟಿಮೀಟರ್ ಗೋಡೆಯ ಒಳಮೈಯಲ್ಲಿ ಉಳಿಯುವುದು ಹೊರಗಿನ ಏರಿಳಿತದ ಏಳನೆಯ ಒಂದು ಭಾಗ. ಅದೂ ಏಳೂವರೆ ಗಂಟೆ ತಡವಾಗಿ. ಮಧ್ಯಾಹ್ನ ಎರಡರ ಕಾವು ರಾತ್ರಿ ಒಂಬತ್ತೂವರೆಗೆ ಒಳಗೆ ತಲುಪುತ್ತದೆ, ಆಗ ಕಿಟಕಿ ತೆರೆದರೆ ಹೊರಗೆ ತಂಗಾಳಿ. ನಮ್ಮ ಕೊಟ್ಟಿಗೆಯಂಥ 45 ಸೆಂಟಿಮೀಟರ್ ಗೋಡೆಯಲ್ಲಾದರೆ ಏರಿಳಿತ ಬಹುಮಟ್ಟಿಗೆ ಮಾಯವೇ. (ಇದು ಗೋಡೆಯನ್ನು ಅನಂತ ದಪ್ಪದ್ದೆಂದು ಭಾವಿಸಿದ ಅಂದಾಜು. ವಾಸ್ತವದಲ್ಲಿ ಕಿಟಕಿ, ಬಾಗಿಲು, ಚಾವಣಿಗಳ ಪ್ರಭಾವವೂ ಇರುತ್ತದೆ.)

ಲಿಯೋನ್‌ನಿಂದ ಬೊಗೊಟಾಗೆ

ಮೇಲಿನ ಲೆಕ್ಕದ ಗಣಿತವನ್ನು ಕೊಟ್ಟವನು ಫ್ರಾನ್ಸಿನ ಜೋಸೆಫ್ ಫೂರಿಯೆ. ಉಷ್ಣಪ್ರಸಾರವನ್ನು ಕುರಿತ ಮೊದಲ ಪ್ರಬಂಧವನ್ನು 1807ರಲ್ಲಿ ಸಲ್ಲಿಸಿದಾಗ ಅವನು ಗ್ರೆನೋಬಲ್‌ನಲ್ಲಿ ಸರಕಾರದ ಆಡಳಿತಾಧಿಕಾರಿಯಾಗಿದ್ದ. ಸ್ವಾರಸ್ಯವೆಂದರೆ ಗ್ರೆನೋಬಲ್, ಲಿಯೋನ್ ನಗರಗಳ ಸುತ್ತಿನ ಸೀಮೆ ಕುಟ್ಟುಮಣ್ಣಿನ ಮನೆಗಳಿಗೆ ಹೆಸರುವಾಸಿ. ಎರಡು ಹಲಗೆಗಳ ನಡುವೆ ತುಸುವೇ ತೇವದ ಮಣ್ಣು ತುಂಬಿ, ದಿಮ್ಮಸಿನಿಂದ ಕುಟ್ಟಿ, ಹಲಗೆಯನ್ನು ಮೇಲಕ್ಕೇರಿಸುತ್ತ ಕಟ್ಟುವ ಗೋಡೆ ಅದು. ಫೂರಿಯೆ ಅವುಗಳ ಬಗ್ಗೆ ಯೋಚಿಸಿದನೆಂದು ನಾನು ಹೇಳುತ್ತಿಲ್ಲ. ಆದರೆ ಅವನ ಸಮೀಕರಣಕ್ಕೆ ಒಳ್ಳೆಯ ಉದಾಹರಣೆಗಳು ಅವನ ಕಚೇರಿಯ ಸುತ್ತಮುತ್ತಲೇ ಇದ್ದವು.

ಅವುಗಳ ಬಗ್ಗೆ ಯೋಚಿಸಿದವನು ಲಿಯೋನ್‌ನ ಫ್ರಾನ್ಸ್ವಾ ಕ್ವಾಂಟರೋ (1740–1830). ಹುಲ್ಲಿನ ಮಾಡು, ಮರದ ಗೋಡೆಗಳ ಹಳ್ಳಿಮನೆಗಳು ಬೆಂಕಿಗೆ ಆಹುತಿಯಾಗುವುದನ್ನು ಕಂಡ ಅವನು, ಬಡವರಿಗೆ ಬೆಂಕಿ ಸೋಕದ ಅಗ್ಗದ ಮನೆಯೆಂದರೆ ಮಣ್ಣಿನದೇ ಎಂದು ವಾದಿಸಿದ. 1790ರಿಂದ ಗ್ರಾಮೀಣ ವಾಸ್ತುಶಿಲ್ಪವನ್ನು ಕುರಿತು ಚಿತ್ರಸಹಿತ ಪುಸ್ತಿಕೆಗಳನ್ನು ಹೊರತಂದ. ಅವು ಹಲವು ಭಾಷೆಗಳಿಗೆ ಅನುವಾದಗೊಂಡವು. ದ್ರಾಕ್ಷಿ ಹಿಂಡುವ ಯಂತ್ರವನ್ನು ಮಾರ್ಪಡಿಸಿ ಮಣ್ಣನ್ನು ಅಚ್ಚಿನಲ್ಲಿ ಒತ್ತುವ ಉಪಕರಣವೊಂದನ್ನೂ ರೂಪಿಸಿದ. ಒತ್ತಿದ ಮಣ್ಣಿನ ಇಟ್ಟಿಗೆಗೆ ಇವನನ್ನೇ ಮೂಲಪುರುಷ ಎನ್ನಬಹುದು.

ಒತ್ತಿದರೆ ಮಣ್ಣು ಗಟ್ಟಿಯಾಗುತ್ತದೆ, ನಿಜ. ಎಷ್ಟು ನೀರು ಹಾಕಿ ಒತ್ತಬೇಕು? ಈ ಸಾಧಾರಣ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿದ್ದು 1933ರಲ್ಲಿ. ಲಾಸ್ ಏಂಜಲಿಸ್‌ನ ಜಲಸರಬರಾಜು ಇಲಾಖೆಯಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಪ್ರಾಕ್ಟರ್ ಅದನ್ನು ಕೊಟ್ಟ. ನೀರು ತೀರಾ ಕಡಿಮೆಯಾದರೆ ಕಣಗಳು ಒಂದರ ಮೇಲೊಂದು ಜಾರುವುದಿಲ್ಲ. ಹೆಚ್ಚಾದರೆ ಕಣಗಳ ನಡುವಿನ ಜಾಗವನ್ನು ನೀರೇ ಆಕ್ರಮಿಸುತ್ತದೆ, ನೀರನ್ನು ಒತ್ತಿ ಕುಗ್ಗಿಸಲಾಗದು. ನಡುವೆ ಒಂದು ನಿರ್ದಿಷ್ಟ ತೇವಾಂಶದಲ್ಲಿ ಮಾತ್ರ ಒಣಸಾಂದ್ರತೆ ಗರಿಷ್ಠ. ಎರಡೇ ವರ್ಷಗಳಲ್ಲಿ, 1935ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದ ಜಾನ್ಸನ್‌ವಿಲ್ ಬಳಿ ಮಣ್ಣಿಗೆ ಸಿಮೆಂಟ್ ಬೆರೆಸಿ ಒತ್ತಿ ರಸ್ತೆ ಮಾಡಿದರು. ಮಳೆಗೆ ಕರಗದ ಮಣ್ಣು ಹೀಗೆ ಮೊದಲು ಬಂದದ್ದು ರಸ್ತೆಗೆ, ಮನೆಗಲ್ಲ.

ಮನೆಗೆ ತಂದವರಲ್ಲಿ ಮುಖ್ಯನಾದವನು ರಾವುಲ್ ರಾಮಿರೆಸ್. 1950ರ ದಶಕದಲ್ಲಿ ಕೊಲಂಬಿಯದ ಬೊಗೊಟಾದಲ್ಲಿದ್ದ 'ಸಿನ್ವ' ಎಂಬ ವಸತಿ ಸಂಶೋಧನ ಕೇಂದ್ರದಲ್ಲಿ ಅವನು ರೂಪಿಸಿದ ಕೈಯಂತ್ರ 'ಸಿನ್ವ-ರಾಮ್' ಎಂಬ ಹೆಸರಿನಲ್ಲಿ ಪ್ರಪಂಚವನ್ನೇ ಸುತ್ತಿತು. ಇದಕ್ಕೆ ವಿದ್ಯುತ್ತು ಬೇಡ, ಇಬ್ಬರು ಮೂವರು ಸಾಕು.

ಈ ಯಂತ್ರದ ಸನ್ನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಸರಳ ಯಂತ್ರಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಿಮ್ಮ ಮೊಣಕಾಲನ್ನು ನೆನಪಿಸಿಕೊಳ್ಳಿ. ಮಡಿಸಿದ ಕಾಲಿನಿಂದ ಭಾರ ಎತ್ತುವುದು ಕಷ್ಟ, ಹೆಚ್ಚುಕಡಿಮೆ ನೇರವಾದ ಕಾಲಿನಿಂದ ಸುಲಭ. ಎರಡು ಸಮನಾದ ತೋಳುಗಳನ್ನು ಕೀಲಿನಿಂದ ಜೋಡಿಸಿ, ಕೀಲನ್ನು ಪಕ್ಕದಿಂದ ತಳ್ಳಿದರೆ ತುದಿಯಲ್ಲಿ ಸಿಗುವ ಬಲದ ವರ್ಧನೆ, ತೋಳು ನೇರರೇಖೆಯೊಡನೆ ಮಾಡುವ ಕೋನದ ಸ್ಪರ್ಶಜ್ಯೆಯ (ಟ್ಯಾನ್) ಎರಡರಷ್ಟಕ್ಕೆ ವಿಲೋಮ. ಕೋನ 10 ಡಿಗ್ರಿ ಇದ್ದಾಗ ವರ್ಧನೆ 2.8, 1 ಡಿಗ್ರಿಗೆ ಬಂದಾಗ 28ಕ್ಕೂ ಹೆಚ್ಚು. ಅಚ್ಚಿನಲ್ಲಿರುವ ಮಣ್ಣು ಮೊದಲು ಸಡಿಲವಾಗಿರುತ್ತದೆ, ಹೆಚ್ಚು ಬಲ ಬೇಡ. ಅದು ಬಿಗಿಯಾಗಿ ಪ್ರತಿರೋಧ ಒಡ್ಡುವ ಹೊತ್ತಿಗೆ ಸರಿಯಾಗಿ ತೋಳುಗಳು ನೇರವಾಗುತ್ತ ಬಲ ಏರುತ್ತದೆ! ಇದರೊಂದಿಗೆ ಉದ್ದನೆಯ ಹಿಡಿಯ ಸನ್ನೆಯೂ ಸೇರಿದರೆ 230 × 190 ಮಿಲಿಮೀಟರ್ ಅಳತೆಯ ಇಟ್ಟಿಗೆಯ ಮೇಲೆ ಸುಮಾರು 2 ಮೆಗಾಪ್ಯಾಸ್ಕಲ್ ಒತ್ತಡ ತರಬಹುದು. ಅಂದರೆ ಸುಮಾರು 9 ಟನ್ ಭಾರ. ತಳ್ಳುವವನು ಹಾಕುವುದು ತನ್ನ ಮೈಭಾರವನ್ನು ಮಾತ್ರ.

ಉಂಗ್ರದ ಪ್ರಯೋಗ

ಭಾರತಕ್ಕೆ ಬರೋಣ. ಗಾಂಧೀಜಿ 1936ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಮಣ್ಣು, ಬಿದಿರು, ಹೆಂಚಿನ ಕುಟೀರದಲ್ಲಿ ನೆಲೆಸಿದ್ದು ಎಲ್ಲರಿಗೂ ಗೊತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲೇ, 1948ರ ಸುಮಾರಿಗೆ, ಆಗಿನ ಪಂಜಾಬಿನ ಕರ್ನಾಲ್‌ನಲ್ಲಿ ಸಿಮೆಂಟ್ ಬೆರೆಸಿದ ಮಣ್ಣನ್ನು ಕುಟ್ಟಿ ಸಾವಿರಾರು ಮನೆಗಳನ್ನು ಕಟ್ಟಿದರು. ಎಂಜಿನಿಯರುಗಳಾದ ವರ್ಮ ಮತ್ತು ಮೆಹ್ರಾ ಅದರ ವಿವರಗಳನ್ನು 1950ರಲ್ಲಿ ಪ್ರಕಟಿಸಿದರು. ಸಿಮೆಂಟ್-ಮಣ್ಣಿನ ಇಟ್ಟಿಗೆಗೆ 1960ರಲ್ಲಿ ಭಾರತೀಯ ಮಾನಕವೂ (ಐಎಸ್ 1725) ಬಂತು. ಮಾನಕ ಬಂದರೂ ಇಟ್ಟಿಗೆ ಮಾತ್ರ ಬಳಕೆಗೆ ಬರಲಿಲ್ಲ. ಕಡತದಲ್ಲಿರುವ ತಂತ್ರಜ್ಞಾನಕ್ಕೂ ಗಾರೆಯವನ ಕೈಯಲ್ಲಿರುವ ತಂತ್ರಜ್ಞಾನಕ್ಕೂ ನಡುವಿನ ದೂರವನ್ನು ಆಗ ಯಾರೂ ನಡೆದು ನೋಡಿರಲಿಲ್ಲ.

ನಡೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು. ಅವರ ಮುಂದಾಳು ಅಮೂಲ್ಯ ಕೆ. ಎನ್. ರೆಡ್ಡಿ (1930–2006) ಗ್ರಾಮೀಣ ತಜ್ಞರಾಗಲಿ, ಕಟ್ಟಡದ ಎಂಜಿನಿಯರ್ ಆಗಲಿ ಅಲ್ಲ. ಅವರು ವಿದ್ಯುದ್ರಸಾಯನವಿಜ್ಞಾನಿ. ಬಾಕ್ರಿಸ್ ಜೊತೆ ಅವರು 1970ರಲ್ಲಿ ಬರೆದ ವಿದ್ಯುದ್ರಸಾಯನದ ಪಠ್ಯ ಇಂದಿಗೂ ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಪ್ರಸಿದ್ಧ. ಅಂಥವರು, ನಮ್ಮ ಸಂಶೋಧನೆ ಹಳ್ಳಿಯ ಒಲೆಗೆ, ನೀರಿಗೆ, ಮನೆಗೆ ಏನು ಮಾಡಿದೆ ಎಂದು ಕೇಳಿಕೊಂಡು 1974ರಲ್ಲಿ 'ಅಸ್ತ್ರ'ವನ್ನು ಆರಂಭಿಸಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ನಮ್ಮದೇ ಪದವೊಂದಾದದ್ದು ಚೆನ್ನಾಗಿದೆ. ಹಿಂದಿನ ವರ್ಷವಷ್ಟೇ, 1973ರಲ್ಲಿ, ತೈಲ ಬಿಕ್ಕಟ್ಟು ಬಂದಿತ್ತು ಎಂಬುದನ್ನು ಗಮನಿಸಿ. ಇಂಧನದ ಲೆಕ್ಕ ಆಗ ಎಲ್ಲರ ತಲೆಯಲ್ಲಿತ್ತು. ಅಸ್ತ್ರದ ಕ್ಷೇತ್ರ ಕೇಂದ್ರವನ್ನು ಸ್ಥಾಪಿಸಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ. ನಮ್ಮ ಕೊಟ್ಟಿಗೆ ಬಿದ್ದಾಗ ಅದೇ ತಾಲ್ಲೂಕಿನಲ್ಲಿ ಅವರು ಮಣ್ಣಿನ ಇಟ್ಟಿಗೆಯ ಕೆಲಸ ಮಾಡುತ್ತಿದ್ದರು.

ಕಟ್ಟಡದ ಭಾಗವನ್ನು ವಹಿಸಿಕೊಂಡವರು ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕೆ. ಎಸ್. ಜಗದೀಶ್, ಅವರ ಜೊತೆಗೆ ಬಿ. ವಿ. ವೆಂಕಟರಾಮ ರೆಡ್ಡಿ. ಅವರು 'ಅಸ್ತ್ರಂ' ಎಂಬ ಕೈಯಂತ್ರವನ್ನು ರೂಪಿಸಿದರು. ಆದರೆ ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೊಡುಗೆ ಯಂತ್ರವಲ್ಲ, ಮಣ್ಣಿನ ತಿಳಿವಳಿಕೆ.

ಸಾಂಪ್ರದಾಯಿಕ ಮಣ್ಣಿನ ಗೋಡೆಗೆ ಜೇಡಿಯೇ ಅಂಟು, ಅದಿಲ್ಲದೆ ಗೋಡೆಯಿಲ್ಲ. ಸಿಮೆಂಟ್ ಬೆರೆಸಿದ ಇಟ್ಟಿಗೆಯಲ್ಲಿ ಅಂಟಿನ ಕೆಲಸವನ್ನು ಸಿಮೆಂಟ್ ಮಾಡುತ್ತದೆ, ಮರಳಿನ ಕಣಗಳನ್ನು ಅದು ಬಂಧಿಸುತ್ತದೆ. ಇಲ್ಲಿ ಜೇಡಿ ಹೆಚ್ಚಾದರೆ ತೊಂದರೆ: ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಸಿಮೆಂಟಿನ ಬಂಧವನ್ನೇ ಒಡೆಯುತ್ತದೆ. ಹಾಗೆಂದು ಜೇಡಿ ಬೇಡವೇ ಬೇಡವೆಂದೂ ಅಲ್ಲ. ಅಚ್ಚಿನಿಂದ ಹೊರತೆಗೆದ ಹಸಿ ಇಟ್ಟಿಗೆ ಕೈಯಲ್ಲಿ ಪುಡಿಯಾಗದೆ ಉಳಿಯಲು ಸ್ವಲ್ಪ ಬೇಕು. ನೂರಕ್ಕೆ 15ರ ಆಸುಪಾಸು ಸಾಕು. ನಮ್ಮ ಕೆಮ್ಮಣ್ಣಿನಲ್ಲಿ ಹಲವೆಡೆ ಅದರ ಎರಡರಷ್ಟು ಜೇಡಿಯಿರುತ್ತದೆ. ಆದ್ದರಿಂದ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕು. ಜೇಡಿಯ ಜಾತಿಯೂ ಮುಖ್ಯ. ಕೆಮ್ಮಣ್ಣಿನ ಕೆಯೊಲಿನೈಟ್‌ನ ಪದರಗಳು ಸುಮಾರು 0.7 ನ್ಯಾನೋಮೀಟರ್ ಅಂತರದಲ್ಲಿ ಬಿಗಿಯಾಗಿರುತ್ತವೆ, ನಡುವೆ ನೀರು ನುಗ್ಗದು. ಎರೆಮಣ್ಣಿನ ಮಾಂಟ್‌ಮೊರಿಲೊನೈಟ್‌ನ ಪದರಗಳ ಅಂತರ ನೀರು ಸೇರಿದಾಗ 1ರಿಂದ 2 ನ್ಯಾನೋಮೀಟರಿನವರೆಗೆ ಹಿಗ್ಗುತ್ತದೆ. ಬೇಸಿಗೆಯಲ್ಲಿ ಬಾಯಿಬಿಡುವ ಎರೆಹೊಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಥ ಮಣ್ಣಿಗೆ ಸುಣ್ಣ ಬೇಕಾಗುತ್ತದೆ. ತುಮಕೂರಿನಲ್ಲಿ ಯಶಸ್ವಿಯಾದ ಪಾಕವನ್ನು ಹಾಗೆಯೇ ವಿಜಯಪುರಕ್ಕೆ ಒಯ್ದರೆ ಸೋಲು ಖಚಿತ.

ಇನ್ನೊಂದು ಸಣ್ಣ ಸಂಗತಿ: ಪ್ರತಿ ಇಟ್ಟಿಗೆಗೂ ಮಣ್ಣನ್ನು ತೂಗಿ ಹಾಕುವುದು. ಅಚ್ಚಿನ ಗಾತ್ರ ನಿಶ್ಚಿತ. ತೂಕವೂ ನಿಶ್ಚಿತವಾದರೆ ಸಾಂದ್ರತೆ ನಿಶ್ಚಿತ. ಸಾಂದ್ರತೆ ಘನಸೆಂಟಿಮೀಟರಿಗೆ 1.8 ಗ್ರಾಂ ಇದೆಯೆಂದರೆ ಬಲದ ಬಗ್ಗೆ ಭರವಸೆ ಇಡಬಹುದು. ಪ್ರಯೋಗಶಾಲೆಯ ಶಿಸ್ತನ್ನು ಒಂದು ತಕ್ಕಡಿಯ ಮೂಲಕ ಅಂಗಳಕ್ಕೆ ತಂದರು.

ಈಗ ಬೆಂಕಿಯ ಲೆಕ್ಕ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ 230 × 105 × 70 ಮಿಲಿಮೀಟರಿನ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್ ಶಕ್ತಿ ಬೇಕು. ಶೇಕಡ 6 ಸಿಮೆಂಟ್ ಇರುವ 230 × 190 × 100 ಮಿಲಿಮೀಟರಿನ ಮಣ್ಣಿನ ಇಟ್ಟಿಗೆಗೆ 2.6 ಮೆಗಾಜೂಲ್. ಈ ಎರಡನೆಯ ಅಂಕಿಯನ್ನು ನೀವೇ ಪರೀಕ್ಷಿಸಬಹುದು. ಇಟ್ಟಿಗೆಯ ತೂಕ ಸುಮಾರು 7.9 ಕಿಲೋಗ್ರಾಂ, ಅದರಲ್ಲಿ ಸಿಮೆಂಟ್ 0.445 ಕಿಲೋಗ್ರಾಂ. ಅವರು ಹಿಡಿದ ಲೆಕ್ಕದಂತೆ ಕಿಲೋಗ್ರಾಂ ಸಿಮೆಂಟಿಗೆ 5.85 ಮೆಗಾಜೂಲ್. ಗುಣಿಸಿದರೆ 2.6. ಮಣ್ಣಿನ ಇಟ್ಟಿಗೆಯ ಶಕ್ತಿಯೆಲ್ಲ ಸಿಮೆಂಟಿನದೇ! ಗಾತ್ರದಲ್ಲಿ ಅದು ಎರಡೂವರೆ ಸುಟ್ಟ ಇಟ್ಟಿಗೆಗಳಿಗೂ ಹೆಚ್ಚಿನದಾದ್ದರಿಂದ, ಒಟ್ಟಿನಲ್ಲಿ ಬೇಕಾಗುವ ಶಕ್ತಿ ಸುಮಾರು ನಾಲ್ಕನೆಯ ಒಂದು ಭಾಗ. ಕಟ್ಟಿದ ಗೋಡೆಗೆ, ಗಾರೆಯನ್ನೂ ಸೇರಿಸಿ, ಘನಮೀಟರಿಗೆ 2141 ಮೆಗಾಜೂಲ್ ಬದಲು 646. ಐವತ್ತು ಚದರ ಮೀಟರಿನ ಸಣ್ಣ ಮನೆಗೆ 20 ಘನಮೀಟರ್ ಗೋಡೆ ಎಂದಿಟ್ಟುಕೊಂಡರೆ ಉಳಿತಾಯ ಸುಮಾರು 30,000 ಮೆಗಾಜೂಲ್. ಕಿಲೋಗ್ರಾಂ ಸೌದೆಗೆ 16 ಮೆಗಾಜೂಲ್ ಹಿಡಿದರೆ, ಹೆಚ್ಚುಕಡಿಮೆ 2 ಟನ್ ಸೌದೆ. ಒಂದು ಪುಟ್ಟ ಮನೆಯ ಗೋಡೆಗಳಿಂದ!

ಇಂದಿನ ಒಣವಿಧಾನದ ಸಿಮೆಂಟ್ ಕಾರ್ಖಾನೆಗಳು ಆಗಿನದಕ್ಕಿಂತ ಕಡಿಮೆ ಇಂಧನ ಬಳಸುತ್ತವೆ, ಆದ್ದರಿಂದ ಈ ಅಂಕಿಗಳನ್ನು ಈಗ ತುಸು ಬದಲಿಸಿಕೊಳ್ಳಬೇಕು. ಆದರೆ ಸುಣ್ಣಕಲ್ಲನ್ನು ಕಾಯಿಸಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಯಾವ ವಿಧಾನದಲ್ಲೂ ತಪ್ಪದು. ಮಣ್ಣಿನ ಇಟ್ಟಿಗೆಯನ್ನು ಮಾರುವವರು ಕೆಲವೊಮ್ಮೆ ಇದನ್ನು ಹೇಳುವುದಿಲ್ಲ.

ಅಪ್ಪನ ಮಾತು, ಗಾರೆಯವರ ಮಣ್ಣು

ಇಷ್ಟೆಲ್ಲ ಇದ್ದೂ ಹಳ್ಳಿಗಳಲ್ಲಿ ಈ ಇಟ್ಟಿಗೆ ಏಕೆ ತುಂಬಿಹೋಗಲಿಲ್ಲ? ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ನಿವೇಶನದಲ್ಲೇ ಅಗೆದ ಮಣ್ಣಿನಿಂದ ಇಟ್ಟಿಗೆ ಮಾಡಿಸಿ ಚೆಂದದ ಮನೆಗಳನ್ನು ಕಟ್ಟಿಸಿದ್ದಾರೆ. ಅವುಗಳಲ್ಲಿ ವಾಸಿಸುವವರು ಹೆಚ್ಚಾಗಿ ಓದಿದವರು, ಅನುಕೂಲವಂತರು. ಯಾರಿಗಾಗಿ ಶುರುವಾಯಿತೋ ಅವರಿಗೆ ಅದು ಬೇಡವಾಯಿತು. ಕಾರಣ ನನಗೆ 2004ರಲ್ಲಿ ತಿಳಿಯಿತು. ಸಣ್ಣದೊಂದು ಮನೆ ಕಟ್ಟಿಸಲು ಹೊರಟಾಗ ಅಪ್ಪನಿಗೆ ವಿಷಯ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನು ಸಾಲ ಮಾಡಿ ನಿಮ್ಮನ್ನೆಲ್ಲ ಮಣ್ಣಿನ ಮನೆಯಿಂದ ಆಚೆ ತಂದೆ. ನೀನು ಡಾಕ್ಟರೇಟ್ ಮಾಡಿ ಮತ್ತೆ ಅಲ್ಲಿಗೇ ಹೋಗ್ತೀಯಾ?" ಎಂದರು. ನನ್ನ ಬಳಿ ಮೆಗಾಜೂಲುಗಳ ಲೆಕ್ಕವಿತ್ತು. ಈ ಮಾತಿಗೆ ಉತ್ತರವಿರಲಿಲ್ಲ. ಸರಕಾರದ ಗಣತಿಗಳಲ್ಲೂ ಮಣ್ಣು, ಹಸಿ ಇಟ್ಟಿಗೆಯ ಗೋಡೆಯ ಮನೆ 'ಕಚ್ಚಾ' ಮನೆಯೇ. ಬಡತನದ ಗುರುತೆಂದು ಪಟ್ಟಿಯಲ್ಲಿ ಬರೆಸಿಕೊಂಡ ವಸ್ತುವನ್ನು ಬಡವ ತಾನಾಗಿ ಆರಿಸಿಕೊಳ್ಳಬೇಕೆಂದು ನಾವು, ಓದಿದವರು, ಹೇಗೆ ನಿರೀಕ್ಷಿಸುವುದು?

ಆದರೂ ಕಟ್ಟಿಸಿದೆ. ಮೊದಲ ತಪ್ಪು ಮಣ್ಣಿನಲ್ಲೇ ಆಯಿತು. ಇಟ್ಟಿಗೆ ಮಾಡಿಕೊಡಲು ಒಪ್ಪಿಕೊಂಡವರು ಕೆರೆಯ ಗೋಡು ತಂದು ಸುರಿದರು. ಅದನ್ನು ನೋಡದೆ ಬಿಟ್ಟದ್ದು ನನ್ನ ತಪ್ಪು. ಮುನ್ನೂರು ಇಟ್ಟಿಗೆ ಒತ್ತಿ ಸಾಲಾಗಿ ಜೋಡಿಸಿದ ಮೂರನೆಯ ದಿನ ಎಲ್ಲವೂ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದವು. ನಮ್ಮ ಹಿರಿಯ ಗಾರೆಯವರು ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೇನ್ ಮೇಷ್ಟ್ರೇ, ಸುಡೋ ಇಟ್ಟಿಗೆಗೆ ಇದಕ್ಕಿಂತ ಒಳ್ಳೆ ಮಣ್ಣಿಲ್ಲ. ಇದಕ್ಕೆ ಯಾಕಾಗಲ್ಲ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಸುಡುವ ಇಟ್ಟಿಗೆಗೆ ಜೇಡಿಯೇ ಜೀವಾಳ, ನಲವತ್ತು ವರ್ಷಗಳ ಅವರ ಅನುಭವ ಕಲಿಸಿದ್ದೂ ಅದನ್ನೇ. ಅದೇ ಅನುಭವ ಇಲ್ಲಿ ತಲೆಕೆಳಗಾಗುತ್ತಿತ್ತು.

ಆಗ ಮಾಡಿದ್ದು ಬಾಟಲಿ ಪರೀಕ್ಷೆ. ನೇರವಾದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟೆವು. ಇಲ್ಲಿ ನಡೆಯುವುದು ಸ್ಟೋಕ್ಸ್ 1851ರಲ್ಲಿ ಹೇಳಿದ ನಿಯಮ: ಕಣ ನೀರಿನಲ್ಲಿ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತೀಯ. 0.06 ಮಿಲಿಮೀಟರಿನ ನುಣ್ಣನೆಯ ಮರಳು ಸೆಕೆಂಡಿಗೆ 3 ಮಿಲಿಮೀಟರಿಗೂ ಹೆಚ್ಚು ಇಳಿಯುತ್ತದೆ, 10 ಸೆಂಟಿಮೀಟರಿಗೆ ಅರ್ಧ ನಿಮಿಷ. ಜೇಡಿಯ ಮೇಲಿನ ಮಿತಿಯಾದ 0.002 ಮಿಲಿಮೀಟರಿನ ಕಣಕ್ಕೆ ಅಷ್ಟೇ ದೂರಕ್ಕೆ ಎಂಟು ಗಂಟೆ. ಗಾರೆಯವರ ಎದುರಿಗೇ ಎರಡು ಬಾಟಲಿ ಇಟ್ಟೆ, ಒಂದರಲ್ಲಿ ಕೆರೆಯ ಗೋಡು, ಇನ್ನೊಂದರಲ್ಲಿ ನಿವೇಶನದ ಕೆಮ್ಮಣ್ಣಿಗೆ ಮರಳು ಬೆರೆಸಿದ್ದು. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಎರಡನೆಯ ಬಾಟಲಿಯ ತಳದಲ್ಲಿ ದಪ್ಪ ಮರಳಿನ ಪದರ ಕೂತಿತ್ತು. ಮೊದಲನೆಯದು ಸಂಜೆಯಾದರೂ ಕಾಫಿಯ ಬಣ್ಣ ಬಿಡಲಿಲ್ಲ. ಅವರು ಬಾಟಲಿಯನ್ನು ಮನೆಗೆ ತೆಗೆದುಕೊಂಡು ಹೋದರು. ಮರುದಿನದಿಂದ ಮಣ್ಣಿನ ಉಸ್ತುವಾರಿ ಅವರದೇ ಆಯಿತು, ನಾನು ಬಾಯಿ ಹಾಕುವ ಹಾಗಿರಲಿಲ್ಲ.

ಚಾವಣಿಯಲ್ಲಿ ನಾನು ರಾಜಿಯಾದೆ. 10 ಸೆಂಟಿಮೀಟರ್ ಕಾಂಕ್ರೀಟ್ ಹಲಗೆಯ ಮೂಲಕ ಬಿಸಿಲಿನ ಏರಿಳಿತದಲ್ಲಿ ಸುಮಾರು ಅರ್ಧದಷ್ಟು ಮೂರು ಗಂಟೆಯೊಳಗೆ ಒಳಗಿಳಿಯುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವ ನಮ್ಮ ಅಕ್ಷಾಂಶಗಳಲ್ಲಿ ಗೋಡೆಗಿಂತ ಚಾವಣಿಯೇ ಹೆಚ್ಚು ಕಾಯುವುದು. ಕೇರಳದಲ್ಲಿ ಲಾರಿ ಬೇಕರ್ (1917–2007) ಬಳಕೆಗೆ ತಂದಂತೆ, ಕಾಂಕ್ರೀಟು ಕೆಲಸವನ್ನೇ ಮಾಡದ ಕೆಳಭಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿದೆವು. ಕಾಂಕ್ರೀಟು ಉಳಿಯಿತು, ಸೆಕೆ ಸ್ವಲ್ಪ ತಗ್ಗಿತು. ಕಬ್ಬಿಣ ಬೇಕೇ ಬೇಕಾಯಿತು, ಅದಕ್ಕೆ ಕಿಲೋಗ್ರಾಮಿಗೆ 42 ಮೆಗಾಜೂಲ್. ಹಿಂದೆ ಹೇಳಿದ 2003ರ ಅಧ್ಯಯನದಲ್ಲಿ ಇಡೀ ಕಟ್ಟಡದ ಲೆಕ್ಕವೂ ಇದೆ: ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಮಾಮೂಲಿ ಮನೆಗೆ 2.92, ಮಣ್ಣಿನ ಇಟ್ಟಿಗೆ ಮತ್ತು ಇಂಥ ಚಾವಣಿಯ ಮನೆಗೆ 1.61. ನನ್ನದು ಮೂರನೆಯದರ ಹತ್ತಿರ ಬಂದಿರಬಹುದು. ಮಣ್ಣು ತೆಗೆದ ಗುಂಡಿಯನ್ನು ಕಟ್ಟಿಸಿ ಮಳೆನೀರಿನ ತೊಟ್ಟಿ ಮಾಡಿದೆವು.

ಗೃಹಪ್ರವೇಶಕ್ಕೆ ಅಪ್ಪ ಬರಲಿಲ್ಲ. "ಮಳೆ ಬಂದಾಗ ಬರ್ತೀನಿ" ಎಂದಿದ್ದರು. ಆಗಸ್ಟಿನಲ್ಲಿ, ಜಡಿಮಳೆಯ ಮರುದಿನ ಬಂದರು. ಒಳಗೆ ಕಾಲಿಡುವ ಮೊದಲು ಕೊಡೆ ಊರುತ್ತ ಮನೆಯನ್ನು ಒಂದು ಸುತ್ತು ಹಾಕಿ, ಗೋಡೆಯ ಬುಡವನ್ನು ಕೊಡೆಯ ತುದಿಯಿಂದ ಅಲ್ಲಲ್ಲಿ ಕುಟ್ಟಿ ನೋಡಿದರು. ಈಶಾನ್ಯದ ಮೂಲೆಯಲ್ಲಿ ಒಂದು ಗೇಣು ನೀರು ನಿಂತಿತ್ತು. "ಇಟ್ಟಿಗೆ ಏನೋ ಸರಿ. ಇಲ್ಲೊಂದು ಕಾಲುವೆ ತೆಗಿ" ಎಂದರು. ಅಂದೇ ತೆಗೆದೆ.